ಮೊದಲ ಸಲ ಕ್ರೂಸ್ ಹೋಗ್ತಿದ್ದೀರಾ? ಕ್ಯಾಬಿನ್, ಊಟದ ಬಗ್ಗೆ ಹಡಗಿನಲ್ಲಿ ಕೆಲಸ ಮಾಡಿದವರನ್ನೇ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ರಜೆಯ ಬುಕಿಂಗ್ ಶುರುವಾಗಿದೆ, ಕ್ರೂಸ್ ಬಗ್ಗೆ ಬಹಳ ಜನ ಕೇಳ್ತಿದ್ದೀರಿ. ನಮ್ಮ ಗುಂಪಿನ ಮಂಗಳೂರಿನ ಸದಸ್ಯರೊಬ್ಬರು ವಿದೇಶಿ ಕ್ರೂಸ್ ಹಡಗುಗಳ ಡೈನಿಂಗ್ ರೂಮಿನಲ್ಲಿ ವೇಟರ್ ಆಗಿ ಸೇರಿ, ಹೆಡ್ ವೇಟರ್ ಆಗಿ ಬಿಟ್ಟು ಬಂದವರು. ಈ ವಾರ ಅವರು ಉತ್ತರಿಸುತ್ತಾರೆ. ಕ್ಯಾಬಿನ್ ಮತ್ತು ಊಟ, ಈ ಎರಡೇ ವಿಷಯ. ವೀಸಾ, ಟಿಕೆಟ್ ದರಕ್ಕೆ ಬೇರೆ ಪೋಸ್ಟ್ ಹಾಕೋಣ.

ಪ್ರಶ್ನೆ (ದಾವಣಗೆರೆಯಿಂದ): ಸರ್, ನಾನು, ಹೆಂಡತಿ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ನೋಡ್ತಿದ್ದೇವೆ. ಏಜೆಂಟ್ ಇನ್‌ಸೈಡ್, ಓಷನ್ ವ್ಯೂ, ಬಾಲ್ಕನಿ ಅಂತ ಮೂರು ರೇಟು ಹೇಳಿದ್ದಾರೆ. ಬಾಲ್ಕನಿಗೆ ತುಂಬಾ ಜಾಸ್ತಿ. ಅಷ್ಟು ಕೊಡಬೇಕಾ?

ಉತ್ತರ: ನಾಲ್ಕು ರಾತ್ರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಅಷ್ಟು ಚಿಕ್ಕ ಟ್ರಿಪ್‌ನಲ್ಲಿ ಹಗಲು ನೀವು ರೂಮಿನಲ್ಲಿ ಇರೋದೇ ಇಲ್ಲ. ಪೂಲ್, ಶೋ, ಊಟ, ಊರು ಬಂದಾಗ ಇಳಿಯೋದು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಇನ್‌ಸೈಡ್ ಕ್ಯಾಬಿನ್‌ಗೆ ಕಿಟಕಿ ಇರುವುದಿಲ್ಲ, ಸಾಮಾನ್ಯವಾಗಿ 150ರಿಂದ 180 ಚದರ ಅಡಿ. ಲೈಟ್ ಆರಿಸಿದರೆ ಹಗಲಲ್ಲೂ ಕಗ್ಗತ್ತಲು. ನಿದ್ದೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ಕ್ಲಾಸ್ (ಒಂದೇ ವಿನ್ಯಾಸದ ಹಡಗುಗಳ ಗುಂಪನ್ನು ಕ್ಲಾಸ್ ಅನ್ನುತ್ತಾರೆ) ಹಡಗುಗಳ ಕೆಲವು ಇನ್‌ಸೈಡ್ ಕ್ಯಾಬಿನ್‌ನಲ್ಲಿ ಗೋಡೆಯಷ್ಟು ಎತ್ತರದ ಪರದೆ ಹಾಕಿ, ಹೊರಗಿನ ಸಮುದ್ರವನ್ನು ಕ್ಯಾಮೆರಾದಿಂದ ತೋರಿಸುತ್ತಾರೆ.

ಬಾಲ್ಕನಿಗೆ ದುಡ್ಡು ಕೊಡುವುದಾದರೆ ನಾರ್ವೆ, ಅಲಾಸ್ಕಾ ಕಡೆಗೆ ಕೊಡಿ. ಅಲ್ಲಿ ಹಡಗು ಬೆಟ್ಟ, ಹಿಮದ ಪಕ್ಕದಲ್ಲೇ ಗಂಟೆಗಟ್ಟಲೆ ಸಾಗುತ್ತದೆ. ಸಿಂಗಾಪುರದ ಪಕ್ಕದ ಮಲಾಕ್ಕಾ ಜಲಸಂಧಿಯಲ್ಲಿ ರಾತ್ರಿ ಕಾಣುವುದು ಸರಕು ಹಡಗುಗಳ ದೀಪ ಅಷ್ಟೇ.

ಎರಡು ವಿಷಯ ಏಜೆಂಟರನ್ನು ಬಿಡದೆ ಕೇಳಿ. ಓಷನ್ ವ್ಯೂ ಅಂದರೆ ಪೂರ್ತಿ ಕಾಣುತ್ತದಾ ಅಥವಾ 'ಅಬ್‌ಸ್ಟ್ರಕ್ಟೆಡ್' ವ್ಯೂನಾ? ಎರಡನೆಯದಾದರೆ ಕಿಟಕಿ ಎದುರಿಗೇ ಲೈಫ್‌ಬೋಟ್ ನೇತಾಡುತ್ತಿರುತ್ತದೆ. ಮತ್ತೆ, ಬಾಲ್ಕನಿ ಯಾವ ಕಡೆಗೆ? ಓಯಸಿಸ್ ಕ್ಲಾಸ್‌ನಂಥ ದೊಡ್ಡ ಹಡಗುಗಳಲ್ಲಿ ನಡುವೆಯೇ ಪಾರ್ಕ್ ಇದೆ. ಕೆಲವು ಬಾಲ್ಕನಿ ಆ ಪಾರ್ಕ್ ಕಡೆಗೇ ತೆರೆಯುತ್ತವೆ. ರೇಟು ಕಡಿಮೆ ಅಂತ ಖುಷಿಯಿಂದ ತೆಗೆದುಕೊಂಡವರು ಹಡಗು ಹತ್ತಿದ ಮೇಲೆ ಸಮುದ್ರ ಎಲ್ಲಿ ಅಂತ ಹುಡುಕುತ್ತಾರೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನೀವು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ರೀ. ನಾವು ಇನ್‌ಸೈಡ್ ತಗೊಂಡು ಉಸಿರು ಕಟ್ಟಿದಂಗಾಗಿತ್ತು. ನಮ್ಮ ಮನೆಯವರು ಎರಡನೇ ರಾತ್ರಿ ಮಲಗ್ಲೇ ಇಲ್ಲ.

ಉತ್ತರ: ನಿಮ್ಮ ಮಾತೂ ಸರಿಯೇ. ಲಿಫ್ಟ್‌ನಲ್ಲಿ, ಎಂಆರ್‌ಐ ಮಷೀನಿನಲ್ಲಿ ಹೆದರುವವರಿಗೆ ಇನ್‌ಸೈಡ್ ಬೇಡವೇ ಬೇಡ. ಅಂಥವರಿಗೆ ಬಾಲ್ಕನಿಯೂ ಬೇಕಿಲ್ಲ, ಓಷನ್ ವ್ಯೂ ಸಾಕು. ಕಿಟಕಿ ತೆರೆಯಲು ಬರುವುದಿಲ್ಲ, ಆದರೆ ಬೆಳಕು ಬರುತ್ತದೆ.

ಆದರೆ ಮಾರಾಯ್ರೆ, ಎಂಥ ಕ್ಯಾಬಿನ್ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಇದನ್ನು ಯಾರೂ ಕೇಳುವುದಿಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ಡೆಕ್ ಪ್ಲಾನ್, ಅಂದರೆ ಹಡಗಿನ ಒಂದೊಂದು ಮಹಡಿಯ ನಕ್ಷೆ ಇರುತ್ತದೆ. ನಿಮ್ಮ ಕ್ಯಾಬಿನ್ ನಂಬರ್ ಹುಡುಕಿ. ಆಮೇಲೆ ಅದರ ಮೇಲಿನ ಡೆಕ್, ಕೆಳಗಿನ ಡೆಕ್ ಎರಡನ್ನೂ ನೋಡಿ. ಮೇಲೆ ಪೂಲ್ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಎದ್ದು ಕೂರುತ್ತೀರಿ. ಬಫೆ ಇದ್ದರೆ ಟ್ರಾಲಿ ಸದ್ದು. ಕೆಳಗೆ ಥಿಯೇಟರ್ ಅಥವಾ ಡಿಸ್ಕೋ ಇದ್ದರೆ ಮಧ್ಯರಾತ್ರಿವರೆಗೆ ಮಂಚವೇ ಕುಣಿಯುತ್ತದೆ. ತೀರಾ ಮುಂಭಾಗದಲ್ಲಿ ಲಂಗರು ಬಿಡುವ ಸದ್ದು, ತೀರಾ ಹಿಂಭಾಗದಲ್ಲಿ ಎಂಜಿನ್ನಿನ ನಡುಕ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್, ಹಡಗಿನ ಮಧ್ಯಭಾಗ, ಲಿಫ್ಟ್‌ನಿಂದ ಹತ್ತು ಹೆಜ್ಜೆ ಆಚೆ. ಇಷ್ಟು ಸಿಕ್ಕರೆ ಇನ್‌ಸೈಡ್ ಆದರೂ ಸುಖ.

'ಗ್ಯಾರಂಟಿ' ಅಂತ ಒಂದು ಅಗ್ಗದ ರೇಟು ಇರುತ್ತದೆ. ಅದರಲ್ಲಿ ಯಾವ ದರ್ಜೆ ಅನ್ನುವುದು ಮಾತ್ರ ಖಾತ್ರಿ. ಕ್ಯಾಬಿನ್ ನಂಬರ್ ಆರಿಸುವುದು ಅವರು. ಜಾಗ ಮುಖ್ಯ ಅನ್ನುವವರು ಅದಕ್ಕೆ ಹೋಗಬೇಡಿ.

ಪ್ರಶ್ನೆ (ಮೈಸೂರಿನಿಂದ): ಅತ್ತೆಗೆ 72 ವರ್ಷ, ಮಂಡಿ ನೋವು. ನಾವಿಬ್ಬರು, ಮಗ, ಅವರು, ಒಟ್ಟು ನಾಲ್ಕು ಜನ ಒಂದೇ ಕ್ಯಾಬಿನ್‌ನಲ್ಲಿ ಇರಬಹುದಾ? ಏಜೆಂಟ್ ಆರಾಮಾಗಿ ಇರಬಹುದು ಅಂದ್ರು.

ಉತ್ತರ: ಇರಬಹುದು ಅಮ್ಮ, ಆರಾಮಾಗಿ ಅಲ್ಲ. ಕೆಳಗೆ ಎರಡು ಸಿಂಗಲ್ ಬೆಡ್. ಅವನ್ನು ಬೇಕಾದರೆ ಜೋಡಿಸುತ್ತಾರೆ. ಮೂರನೆಯವರಿಗೂ ನಾಲ್ಕನೆಯವರಿಗೂ ಹೆಚ್ಚಾಗಿ ಗೋಡೆಯಿಂದ ಅಥವಾ ಸೂರಿನಿಂದ ಕೆಳಗೆ ಬಿಡುವ ಬಂಕ್, ರೈಲಿನ ಅಪ್ಪರ್ ಬರ್ತ್ ಇದ್ದ ಹಾಗೆ. ಏಣಿ ಹತ್ತಬೇಕು. ಅತ್ತೆಯವರಿಗೆ ಕೆಳಗಿನ ಬೆಡ್ ಕೊಟ್ಟರೆ ನೀವಿಬ್ಬರಲ್ಲಿ ಒಬ್ಬರು ಮೇಲೆ. ಸ್ನಾನದ ಮನೆ ಒಂದೇ, ಅದೂ ಒಬ್ಬರು ತಿರುಗಿದರೆ ಮೊಣಕೈ ತಾಗುವಷ್ಟು. ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ. ಮಂಡಿ ನೋವಿನವರು ರಾತ್ರಿ ಎಡವುವುದು ಅಲ್ಲೇ.

ಎರಡು ಕ್ಯಾಬಿನ್ ತೆಗೆದುಕೊಳ್ಳಿ, ಎರಡೂ ಇನ್‌ಸೈಡ್ ಆದರೂ ಅಡ್ಡಿಯಿಲ್ಲ. ಅತ್ತೆ, ಮೊಮ್ಮಗ ಒಂದರಲ್ಲಿ. ನಡುವೆ ಬಾಗಿಲು ಇರುವ 'ಕನೆಕ್ಟಿಂಗ್' ಕ್ಯಾಬಿನ್ ಕೇಳಿ, ಅವು ಬೇಗ ಖಾಲಿಯಾಗುತ್ತವೆ. ಗಾಲಿಕುರ್ಚಿ ಬಳಸುವವರಿಗೆ ಅಗಲ ಬಾಗಿಲಿನ, ಹೊಸ್ತಿಲಿಲ್ಲದ ಬೇರೆ ಕ್ಯಾಬಿನ್‌ಗಳೇ ಇವೆ. ಕೈಬೆರಳೆಣಿಕೆಯಷ್ಟು ಮಾತ್ರ. ಬುಕ್ ಮಾಡುವಾಗಲೇ ಹೇಳಬೇಕು, ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ನಾಚಿಕೆ ಬಿಟ್ಟು ಕೇಳ್ತೀನಿ. ಟಾಯ್ಲೆಟ್‌ನಲ್ಲಿ ಜೆಟ್ ಸ್ಪ್ರೇ ಇರುತ್ತಾ?

ಉತ್ತರ: ಹೆಚ್ಚಿನ ವಿದೇಶಿ ಹಡಗುಗಳಲ್ಲಿ ಇಲ್ಲ. ಚಿಕ್ಕ ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಟಾಯ್ಲೆಟ್ ವಿಮಾನದಲ್ಲಿ ಇರುವಂತೆ ಗಾಳಿಯಿಂದ ಎಳೆದುಕೊಳ್ಳುವ ಮಾದರಿ. ವೆಟ್ ವೈಪ್, ಪ್ಯಾಡ್ ಏನೂ ಹಾಕಬೇಡಿ. ಕಟ್ಟಿಕೊಂಡರೆ ನಿಮ್ಮದು ಮಾತ್ರ ಅಲ್ಲ, ಅಕ್ಕಪಕ್ಕದ ಕ್ಯಾಬಿನ್‌ಗಳದ್ದೂ ನಿಂತುಹೋಗಬಹುದು.

ಪ್ರಶ್ನೆ (ಶಿವಮೊಗ್ಗದಿಂದ): ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಡಗಿನಲ್ಲಿ ಬ್ರೆಡ್, ಹಣ್ಣು ತಿಂದು ದಿನ ತಳ್ಳಬೇಕಾಗುತ್ತೆ ಅಂತ ಎಲ್ಲರೂ ಹೆದರಿಸ್ತಿದ್ದಾರೆ. ರೈಸ್ ಕುಕ್ಕರ್ ಒಯ್ಯಬಹುದಾ?

ಉತ್ತರ: ಕುಕ್ಕರ್ ಒಯ್ಯಬೇಡಿ. ಬಿಸಿ ಮಾಡುವ ಯಾವ ಸಾಮಾನೂ ಬಿಡುವುದಿಲ್ಲ. ಕುಕ್ಕರ್, ಕೆಟಲ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲವೂ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬೀಳುತ್ತವೆ. ತೆಗೆದಿಟ್ಟುಕೊಂಡು ಇಳಿಯುವ ದಿನ ವಾಪಸ್ ಕೊಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ಬಿಡುವುದಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ.

ಊಟದ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಇದು ನನ್ನ ಕೆಲಸವೇ ಆಗಿತ್ತು.

ಬುಕ್ ಮಾಡಿದ ಕೂಡಲೇ 'ಸ್ಪೆಷಲ್ ಡಯಟ್' ಅಂತ ಬರೆಸಿ. ಅಲ್ಲಿ ಬರೀ ವೆಜಿಟೇರಿಯನ್ ಅಂತ ಹಾಕಿದರೆ ಮೊಟ್ಟೆ, ಚೀಸ್ ಎಲ್ಲ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ ಅಂತ ಬಿಡಿಸಿ ಬರೆಸಿ. ಜೈನರಾದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಬೇಡ ಅಂತಲೂ ಹಾಕಿಸಿ. ಏಜೆಂಟ್ ಬರೆದಿದ್ದಾನೆ ಅಂತ ನಂಬಿ ಕೂರಬೇಡಿ. ಹತ್ತಿದ ದಿನ ಮಧ್ಯಾಹ್ನವೇ ಮೇನ್ ಡೈನಿಂಗ್ ರೂಮಿಗೆ ಹೋಗಿ ಹೆಡ್ ವೇಟರ್ ಹತ್ತಿರ ಇನ್ನೊಮ್ಮೆ ಹೇಳಿ. ಆ ಹೊತ್ತಿಗೆ ಅವರಿಗೂ ಸ್ವಲ್ಪ ಪುರುಸೊತ್ತು ಇರುತ್ತದೆ.

ಹಡಗಿನ ಅಡುಗೆಮನೆ ಒಂದು ದಿನ ಮುಂದೆ ಓಡುತ್ತದೆ. ನಾಳೆ ರಾತ್ರಿಗೆ ಬೇಕಾದ್ದನ್ನು ಇವತ್ತು ರಾತ್ರಿ ಹೇಳಬೇಕು. ಎಷ್ಟೋ ಕುಟುಂಬಗಳು ಟೇಬಲ್‌ಗೆ ಬಂದು ಕೂತ ಮೇಲೆ ದಾಲ್ ಕೊಡಿ ಅನ್ನುತ್ತವೆ. ಸಾವಿರಾರು ಪ್ಲೇಟು ಹೊರಡುವ ಹೊತ್ತಿನಲ್ಲಿ ಅದು ಆಗದ ಮಾತು. ಅದೇ ಹಿಂದಿನ ರಾತ್ರಿ ಹೇಳಿದರೆ ದಾಲ್, ಎರಡು ಪಲ್ಯ, ಅನ್ನ, ರೊಟ್ಟಿ, ಮೊಸರು ಬರುತ್ತದೆ. ಎಷ್ಟೋ ಹಡಗುಗಳ ಅಡುಗೆಮನೆಯಲ್ಲಿ ಭಾರತದ ಅಡುಗೆಯವರು ಇರುತ್ತಾರೆ, ಗೋವಾದವರು, ಮುಂಬೈಯವರು, ನಮ್ಮ ಕರಾವಳಿಯವರು. ನಮ್ಮವರು ಬಂದಿದ್ದಾರೆ ಅಂದರೆ ಅವರಿಗೂ ಹುರುಪು. ಹಾಗಂತ ಬಿಸಿಬೇಳೆ ಬಾತ್ ನಿರೀಕ್ಷೆ ಮಾಡಬೇಡಿ, ಬರುವುದು ಹೆಚ್ಚಾಗಿ ಉತ್ತರದ ರುಚಿ.

ಬಫೆಯಲ್ಲಿ ಹುಷಾರು. ತರಕಾರಿ ಸೂಪ್ ಅಂದರೂ ಕೋಳಿ ಅಥವಾ ದನದ ಮೂಳೆಯ ಸಾರಿನಲ್ಲಿ ಮಾಡಿರಬಹುದು. ಸೀಸರ್ ಸಾಲಡ್‌ನ ಡ್ರೆಸ್ಸಿಂಗ್‌ನಲ್ಲಿ ಆಂಚೋವಿ ಮೀನು ಇರುತ್ತದೆ. ಥಾಯ್, ಚೈನೀಸ್ ತರಕಾರಿಗೆ ಮೀನಿನ ಸಾಸ್, ಚಿಪ್ಪುಮೀನಿನ ಆಯ್ಸ್ಟರ್ ಸಾಸ್ ಬೀಳುತ್ತದೆ. ಜೆಲ್ಲಿ, ಮೂಸ್‌ಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಸಂಶಯ ಬಂದರೆ ಬಡಿಸುವವನನ್ನು ಕೇಳಬೇಡಿ, ಅವನು ನಕ್ಕು ಹೌದು ಅನ್ನುತ್ತಾನೆ. ಬಿಳಿ ಟೋಪಿಯ ಶೆಫ್‌ನನ್ನು ಕರೆಯಿಸಿ ಕೇಳಿ. ಕರೆಯಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಷ್ಟೆಲ್ಲ ತಲೆಬಿಸಿ ಬೇಡ ಅಂದರೆ ಹಡಗನ್ನೇ ನೋಡಿ ಆರಿಸಿ. ಸಿಂಗಾಪುರದ ಜೆಂಟಿಂಗ್ ಡ್ರೀಮ್‌ನಲ್ಲಿ ಭಾರತೀಯ ಸಸ್ಯಾಹಾರಿ, ಜೈನ ಊಟ ಸಿಗುತ್ತದೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ ಕಡೆ ಹೋಗುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಂತೂ ನಮ್ಮ ಊಟದ ಚಿಂತೆಯೇ ಇಲ್ಲ. ಆದರೆ ಅದು 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ ಹಡಗು. ಹೊಸ ಹಡಗಿನ ಫೋಟೋ ನೋಡಿ ಅದೇ ಅಗಲದ ಕ್ಯಾಬಿನ್ ಇರುತ್ತದೆ ಅಂದುಕೊಳ್ಳಬೇಡಿ.

ಪ್ರಶ್ನೆ (ಶಿವಮೊಗ್ಗದಿಂದಲೇ): ಚಟ್ನಿಪುಡಿ, ಚಕ್ಕುಲಿ?

ಉತ್ತರ: ಅಂಗಡಿಯ ಒಡೆಯದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಮನೆಯಲ್ಲಿ ಮಾಡಿದ್ದು, ಬೇಯಿಸಿದ್ದು ಬೇಡ. ಊರು ಬಂದಾಗ ಹಣ್ಣು, ತಿಂಡಿ ಕೈಯಲ್ಲಿ ಹಿಡಿದು ಇಳಿಯಬೇಡಿ. ಅದರಲ್ಲೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ದಂಡ ಬೀಳುತ್ತದೆ.

ಪ್ರಶ್ನೆ (ಬೆಳಗಾವಿಯಿಂದ): ಊಟ ಎಲ್ಲ ಟಿಕೆಟ್‌ನಲ್ಲೇ ಸೇರಿದೆ ಅಂತಾರೆ. ಮತ್ತೆ ನಮ್ಮ ದೋಸ್ತನಿಗೆ ಕೊನೇ ದಿನ ದೊಡ್ಡ ಬಿಲ್ ಯಾಕೆ ಬಂತು?

ಉತ್ತರ: ಮೇನ್ ಡೈನಿಂಗ್ ರೂಮು, ಬಫೆ ಟಿಕೆಟ್‌ನಲ್ಲಿ ಸೇರಿವೆ. ಕುಡಿಯುವ ನೀರು, ಸಾದಾ ಟೀ, ಕಾಫಿ ಬಫೆಯಲ್ಲಿ ಪುಕ್ಕಟೆ. ಬಾಟಲಿ ನೀರು, ಕೋಲಾ, ಕ್ಯಾಪುಚಿನೋ, ಬಿಯರ್, ವೈನ್‌ಗೆ ದುಡ್ಡು. ಅದರ ಮೇಲೆ ಸರ್ವೀಸ್ ಚಾರ್ಜು ಬೇರೆ, ಅಮೆರಿಕದ ಕಂಪನಿಗಳಲ್ಲಿ ಶೇಕಡಾ 18ರಿಂದ 20. ಸುಶಿ, ಸ್ಟೇಕ್ ಹೌಸ್‌ನಂಥ 'ಸ್ಪೆಷಾಲಿಟಿ' ರೆಸ್ಟೋರೆಂಟಿಗೂ ಬೇರೆ ದುಡ್ಡು. ಇದೆಲ್ಲ ಕ್ಯಾಬಿನ್ ಕಾರ್ಡಿಗೆ (ರೂಮಿನ ಕೀಲಿಯಾಗಿ ಕೊಡುವ ಕಾರ್ಡು) ಹೋಗುತ್ತದೆ, ನಗದು ಕೈಗೆ ಬರುವುದೇ ಇಲ್ಲ, ಹಾಗಾಗಿ ಲೆಕ್ಕ ಸಿಗುವುದಿಲ್ಲ. ಮಕ್ಕಳ ಕಾರ್ಡಿನ ಖರ್ಚನ್ನು ರಿಸೆಪ್ಶನ್‌ನಲ್ಲಿ ಹೇಳಿ ಬಂದ್ ಮಾಡಿಸಬಹುದು. ಮಾಡಿಸಿ.

ಇನ್ನೊಂದು ಖರ್ಚು ಟಿಪ್ಸ್, ಅಂದರೆ ಸಿಬ್ಬಂದಿಗೆ ಕೊಡುವ ಭಕ್ಷೀಸು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್‌ಗೆ ಸೇರುತ್ತದೆ, ಮಕ್ಕಳಿಗೂ ಸೇರಿ. ನಾಲ್ಕು ಜನ, ನಾಲ್ಕು ರಾತ್ರಿ ಅಂದರೆ ನೀವೇ ಗುಣಿಸಿ. ಕೆಲವರು ರಿಸೆಪ್ಶನ್‌ಗೆ ಹೋಗಿ ತೆಗೆಸಿಬಿಡುತ್ತಾರೆ. ನಾನು ಆ ದುಡ್ಡಿನಲ್ಲಿ ಬದುಕಿದವನು, ಹಾಗಾಗಿ ನನ್ನ ಮಾತು ಒಂದು ಕಡೆ ವಾಲಿದೆ ಅಂತ ತಿಳಿದೇ ಓದಿ: ತೆಗೆಸಬೇಡಿ. ವೇಟರ್‌ಗಳ, ಕ್ಯಾಬಿನ್ ಸ್ಟೀವರ್ಡ್‌ಗಳ (ರೂಮು ನೋಡಿಕೊಳ್ಳುವವರು) ಸಂಪಾದನೆಯ ದೊಡ್ಡ ಪಾಲು ಅದೇ.

ಈ ಬಿಲ್‌ಗೆ ಡೆಬಿಟ್ ಕಾರ್ಡ್ ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ. ಮುಂಗಡ ಹಿಡಿದಿಟ್ಟ ಹಣ ಡೆಬಿಟ್ ಖಾತೆಗೆ ವಾಪಸ್ ಬರಲು ದಿನಗಟ್ಟಲೆ ಕಾಯಬೇಕಾಗುತ್ತದೆ.

ಪ್ರಶ್ನೆ (ತುಮಕೂರಿನಿಂದ): ಊಟದ ಟೈಮಿಂಗ್ ಆರಿಸಿ ಅಂತ ಮೇಲ್ ಬಂದಿದೆ. ಅರ್ಲಿ, ಲೇಟ್, ಫ್ಲೆಕ್ಸಿಬಲ್. ಯಾವುದು ಹಾಕಲಿ?

ಉತ್ತರ: ಅರ್ಲಿ ಅಂದರೆ ಸಂಜೆ ಐದೂವರೆ, ಆರರ ಹೊತ್ತು. ನಮ್ಮ ಹೊಟ್ಟೆಗೆ ಅದು ಕಾಫಿ ಸಮಯ. ಲೇಟ್ ಅಂದರೆ ಎಂಟು, ಎಂಟೂವರೆ. ಅದನ್ನೇ ಹಾಕಿ. ಫ್ಲೆಕ್ಸಿಬಲ್ ಕೇಳಲು ಚೆನ್ನ, ಆದರೆ ದಿನಾ ಬೇರೆ ಟೇಬಲ್, ಬೇರೆ ವೇಟರ್. ವಿಶೇಷ ಊಟ ಬೇಕಾದವರು ದಿನಾ ಮೊದಲಿನಿಂದ ಹೇಳಬೇಕು. ಟೇಬಲ್ ಒಂದೇ ಆದರೆ ಎರಡನೇ ರಾತ್ರಿಗೆ ವೇಟರ್‌ಗೆ ನಿಮ್ಮ ಮಗುವಿಗೆ ಮೊಸರನ್ನ ಬೇಕು ಅಂತ ಗೊತ್ತಿರುತ್ತದೆ. ಮೆನುವಿನಲ್ಲಿ ಎರಡು ಸ್ಟಾರ್ಟರ್ ಇಷ್ಟವಾದರೆ ಎರಡೂ ಕೇಳಿ, ಸಂಕೋಚ ಬೇಡ. 'ಫಾರ್ಮಲ್ ನೈಟ್' ಅಂತ ಒಂದು ರಾತ್ರಿ ಇರುತ್ತದೆ. ಸೂಟೇ ಬೇಕಿಲ್ಲ, ರೇಷ್ಮೆ ಸೀರೆ, ಕುರ್ತಾ ಧಾರಾಳ ಆಯಿತು. ಚಡ್ಡಿ, ಹವಾಯಿ ಚಪ್ಪಲಿ ಬೇಡ.

ಪ್ರಶ್ನೆ (ಉಡುಪಿಯಿಂದ): ವಾಂತಿ ಬಗ್ಗೆ ಹೇಳಿ ಮಾರಾಯ್ರೆ. ಮಲ್ಪೆಯ ದೋಣಿಯಲ್ಲೇ ನನಗೆ ಆಗುವುದಿಲ್ಲ.

ಉತ್ತರ: ದೋಣಿಗೂ ಇದಕ್ಕೂ ಹೋಲಿಕೆ ಇಲ್ಲ. ಈಗಿನ ಹಡಗುಗಳಿಗೆ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ, ಓಲಾಟ ತುಂಬಾ ಕಡಿಮೆ. ಆದರೂ ಭಯ ಇದ್ದರೆ ಕೆಳಗಿನ ಡೆಕ್, ಮಧ್ಯಭಾಗ ಆರಿಸಿ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ಅಲುಗಾಟ ಜಾಸ್ತಿ. ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳಿ ಮೊದಲೇ ತೆಗೆದುಕೊಳ್ಳಿ, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಹೊಟ್ಟೆ ಖಾಲಿ ಬಿಡಬೇಡಿ. ಬಿಸ್ಕೆಟ್, ಹಸಿರು ಸೇಬು, ಶುಂಠಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬಫೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): ಎರಡು ಕ್ಯಾಬಿನ್ ಬುಕ್ ಮಾಡಿದ್ವಿ ಸರ್, ಕನೆಕ್ಟಿಂಗ್ ಸಿಕ್ತು. ಅತ್ತೆಯವರ ಇನ್ಸುಲಿನ್ ಎಲ್ಲಿ ಇಡೋದು?

ಉತ್ತರ: ಕೈಚೀಲದಲ್ಲಿ ಒಯ್ಯಿರಿ, ಡಾಕ್ಟರ್ ಚೀಟಿ ಜೊತೆಗೆ. ದೊಡ್ಡ ಸೂಟ್‌ಕೇಸ್ ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ, ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆ ಆಗಬಹುದು. ಕ್ಯಾಬಿನ್‌ನ ಮಿನಿ ಫ್ರಿಜ್ ಬರೀ ತಂಪು ಮಾಡುತ್ತದೆ, ಅದನ್ನು ನಂಬಬೇಡಿ. ಇನ್ಸುಲಿನ್‌ಗೆ ಸರಿಯಾದ ಫ್ರಿಜ್ ಬೇಕು ಅಂತ ಈಗಲೇ ಕಂಪನಿಗೆ ಮೇಲ್ ಹಾಕಿ, ಹತ್ತಿದ ಕೂಡಲೇ ಸ್ಟೀವರ್ಡ್‌ಗೂ ಹೇಳಿ. ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಟ್ಯಾಗ್ ಕಟ್ಟಿ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಆಗಲೂ ಔಷಧಿ ಕೈಚೀಲದಲ್ಲೇ ಇರಲಿ. ಮರುದಿನ ಬೆಳಿಗ್ಗೆ ಹಾಕುವ ಬಟ್ಟೆಯನ್ನೂ ಹೊರಗೆ ತೆಗೆದಿಟ್ಟುಕೊಳ್ಳಿ. ಪೈಜಾಮದಲ್ಲೇ ಇಮಿಗ್ರೇಶನ್ ಸಾಲಿಗೆ ಬಂದು ನಿಂತವರನ್ನು ನೋಡಿದ್ದೇನೆ.