ಕಿಣ್ವ, ಬಯೋ ಎಂಜೈಮ್: ಎರಡಕ್ಕೂ ಒಂದೇ ಪದ ಸಾಕೇ?

ಬಳಗದವರಿಗೆ ನಮಸ್ಕಾರ.

ಅನಾನಸ್ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ, ನಡುವಿನ ದಿಂಡು, ಜುಟ್ಟು ಇವುಗಳಿಂದ ಬ್ರೊಮಿಲೇನ್ ಎಂಬ ಎಂಜೈಮ್ ತೆಗೆದು ಮುಖ ತೊಳೆಯುವ ಪುಡಿ, ಲೇಪಗಳಿಗೆ ಬಳಸುತ್ತಾರೆ. ಅದರ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಬನವಾಸಿ ಕಡೆಯ ಬೆಳೆಗಾರರು ಮತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಎಂಜೈಮ್‌ಗೆ ಪಠ್ಯಪುಸ್ತಕದ ಪದ 'ಕಿಣ್ವ'. ಅದರ ಬಗ್ಗೆ ತಕರಾರಿಲ್ಲ.

ತೊಡಕು ಇರುವುದು 'ಬಯೋ ಎಂಜೈಮ್' ಅನ್ನುವ ಮಾತಿನಲ್ಲಿ. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಇಡುತ್ತಾರಲ್ಲ, ನೆಲ ಒರೆಸುವ ಆ ದ್ರವ. ಕೆಲವರು ಅದನ್ನೂ ಕನ್ನಡದಲ್ಲಿ 'ಕಿಣ್ವ' ಎಂದೇ ಬರೆಯುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಹುದುಗಿ ಬಂದ ಹುಳಿ. ಬ್ರೊಮಿಲೇನ್ ಹಾಗಲ್ಲ. ಅದು ಒಂದು ಪ್ರೋಟೀನ್, ಬೇರೆ ಪ್ರೋಟೀನ್‌ಗಳನ್ನು ತುಂಡು ಮಾಡುತ್ತದೆ. ಹಸಿ ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲಿ ಅದರ ಪಾಲೂ ಇದೆ. ಹಸಿ ಹಣ್ಣನ್ನು ಹಾಲಿಗೆ ಹಾಕಿಟ್ಟರೆ ಕಹಿಯಾಗುವುದೂ ಅದರಿಂದಲೇ. ಚೆನ್ನಾಗಿ ಬೇಯಿಸಿದ ಹಣ್ಣಿನಲ್ಲಿ ಆ ಗುಣ ಉಳಿಯುವುದಿಲ್ಲ.

ಎರಡಕ್ಕೂ ಒಂದೇ ಹೆಸರಾದರೆ, 'ಹಣ್ಣಿನ ಸಿಪ್ಪೆಯ ಕಿಣ್ವ ಚರ್ಮಕ್ಕೆ ಒಳ್ಳೆಯದು' ಎಂದು ಓದಿದವರು ನೆಲದ ಬಾಟಲಿಯನ್ನೇ ಮುಖಕ್ಕೆ ಹಚ್ಚಿಕೊಂಡಾರು. ನನಗೆ ಇದೇ ಜಾಸ್ತಿ ಚಿಂತೆ. ಶುದ್ಧ ಮಾಡಿದ ಕಿಣ್ವವೂ ಕೆಲವರಿಗೆ ಅಲರ್ಜಿ ತರುತ್ತದೆ. ಪಪ್ಪಾಯಿಯ ಪಪೇನ್ ಎಂಬ ಕಿಣ್ವ ಇರುವ, ಒಪ್ಪಿಗೆ ಪಡೆಯದ ಮುಲಾಮುಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ನಿಲ್ಲಿಸಲು ಹೇಳಿದ್ದು ಇದೇ ಕಾರಣಕ್ಕೆ.

ಗೊಂದಲದ ಬೇರು ಹಳೆಯದು. ಸಂಸ್ಕೃತದ 'ಕಿಣ್ವ' ಅಂದರೆ ಮದ್ಯ ಹುದುಗಿಸಲು ಹಾಕುವ ಪದಾರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದವಿದೆ. 'ಎಂಜೈಮ್' ಅನ್ನುವ ಹೆಸರನ್ನು 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಕಟ್ಟಿದ್ದೂ 'ಯೀಸ್ಟ್‌ನಲ್ಲಿ ಇರುವುದು' ಅನ್ನುವ ಗ್ರೀಕ್ ಅರ್ಥದಿಂದ. ಆದರೆ ಕನ್ನಡದಲ್ಲಿ ನಮಗೆ 'ಹುದುಗು' ಬೇರೆಯಾಗಿಯೇ ಇದೆ ಅಲ್ವಾ? ದೋಸೆ ಹಿಟ್ಟು ಹುದುಗು ಬರುತ್ತದೆ. ಹಾಗಾಗಿ ನೆಲದ ದ್ರವಕ್ಕೆ 'ಸಿಪ್ಪೆ ಹುದುಗು' ಅಥವಾ 'ಹುದುಗು ನೀರು' ಎಂದು ಬರೆದು, 'ಕಿಣ್ವ'ವನ್ನು ಬ್ರೊಮಿಲೇನ್, ಪಪೇನ್‌ನಂಥವಕ್ಕೆ ಮಾತ್ರ ಉಳಿಸೋಣ ಎಂದು ನನ್ನ ಅನಿಸಿಕೆ. 'ಹೆಪ್ಪು' ಬೇಡ. ಅದು ಮೊಸರಿಗೇ ಇರಲಿ.

ಇನ್ನೊಂದು ಸಣ್ಣ ಪ್ರಶ್ನೆ. ಸಿಪ್ಪೆ, ದಿಂಡು ಎಲ್ಲ ಸೇರಿದ ರಾಶಿಗೆ 'ತ್ಯಾಜ್ಯ' ಎಂದು ಬರೆಯಲು ಮನಸ್ಸಿಲ್ಲ. ತ್ಯಾಜ್ಯ ಅಂದ ಕೂಡಲೇ ಬಿಸಿಲಿಗೆ ಸುರಿದು ಬಿಡುತ್ತಾರೆ, ಕೊಳೆಯುತ್ತದೆ, ಕಿಣ್ವ ಹಾಳಾಗುತ್ತದೆ. ಕತ್ತರಿಸಿದ ಕೂಡಲೇ ತಂಪಿನಲ್ಲಿಟ್ಟು, ಬೇಗ ಜಜ್ಜಿ ಹಿಂಡಿ ಸೋಸಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. 'ಹಿಪ್ಪೆ' ಅನ್ನೋಣವೆಂದರೆ ಅದು ರಸವೆಲ್ಲ ಹೋದದ್ದು. ಇಲ್ಲಿ ಬೇಕಾದ ರಸ ಇನ್ನೂ ಒಳಗಿದೆ. 'ಉಳಿಕೆ' ಸಾಕೇ? ನಿಮ್ಮ ಕಡೆ ಹಣ್ಣು ಹೆಚ್ಚಿದ ಮೇಲೆ ಉಳಿದದ್ದಕ್ಕೆ, ಎಸೆಯುವ ಮುಂಚೆ, ಏನನ್ನುತ್ತಾರೆ? ಮಲೆನಾಡು, ಕರಾವಳಿಯವರು ದಯವಿಟ್ಟು ತಿಳಿಸಿ.