ಪದಚರ್ಚೆ: ‘ಔಷಧೀಯ ಸಸ್ಯಗಳು’ ಬದಲು ಬೋರ್ಡಿನ ಮೇಲೆ ಏನು ಬರೆಯೋಣ? (ನಾಳೆ ಸಂಜೆಯೊಳಗೆ ಬೇಕು)

ಸಾಗರದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತುರ್ತಾಗಿ ಸಹಾಯ ಬೇಕು.

ನಮ್ಮೂರ ಸರ್ಕಾರಿ ಶಾಲೆಯ ಹಿತ್ತಿಲಲ್ಲಿ ಪೋಷಕರೆಲ್ಲ ಸೇರಿ ಒಂದು ತೋಟ ಮಾಡಿದ್ದೇವೆ. ತುಳಸಿ, ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ, ಆಡುಸೋಗೆ, ಲೋಳೆಸರ, ಶಂಖಪುಷ್ಪ ಎಲ್ಲ ಚೆನ್ನಾಗಿ ಚಿಗುರಿವೆ. ಬೋರ್ಡ್ ಬರೆಯುವವರು ನಾಳೆ ಸಂಜೆ ಬರುತ್ತಾರೆ. ಹಣ ಕೊಟ್ಟವರು ಕಳಿಸಿದ ಇಂಗ್ಲಿಷ್ ಸಾಲು ಇದು: ‘ಮೆಡಿಸಿನಲ್ ಹರ್ಬ್ಸ್ ಫಾರ್ ಎವರಿಡೇ ಹೆಲ್ತ್ ಅಂಡ್ ವೆಲ್‌ಬೀಯಿಂಗ್’. ನಾನು ‘ದೈನಂದಿನ ಆರೋಗ್ಯ ಮತ್ತು ಯೋಗಕ್ಷೇಮಕ್ಕಾಗಿ ಔಷಧೀಯ ಸಸ್ಯಗಳು’ ಅಂತ ಬರೆದುಕೊಂಡೆ. ಓದಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ. ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವ ಮಾತು ಬೇಕು.

ಇನ್ನೊಂದು ಪ್ರಶ್ನೆ. ಒಂದೆಲಗದ ಫಲಕಕ್ಕೆ ‘ಬ್ರಾಹ್ಮಿ’ ಅಂತ ಬರೆಸಿ ಅಂದಿದ್ದಾರೆ. ಸರಿಯಾ?

ಮೈಸೂರಿನಿಂದ:

‘ಔಷಧೀಯ ಸಸ್ಯ’ ಬೇಡವೇ ಬೇಡ. ಓಷಧಿ ಅಂದರೇ ಗಿಡ. ಕಾಯಿ ಹಣ್ಣಾದ ಮೇಲೆ ಒಣಗಿ ಹೋಗುವ ಗಿಡಕ್ಕೆ ಆ ಹೆಸರು. ಅದರಿಂದ ಆದದ್ದು ಔಷಧ. ನಾವು ಎರಡನ್ನೂ ‘ಔಷಧಿ’ ಅಂತ ಕಲಸಿ, ಮೇಲೆ ಇನ್ನೊಂದು ‘ಸಸ್ಯ’ ಹೇರಿದ್ದೇವೆ. ‘ಗಿಡಮೂಲಿಕೆ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು, ಅದನ್ನೂ ಬಿಡಿ. ‘ಮೂಲಿಕೆಗಳು’ ಸಾಕು.

ಬೆಂಗಳೂರಿನಿಂದ:

ಮೂಲಿಕೆ ಅಂದರೆ ಬೇರು. ತುಳಸಿಯಲ್ಲಿ ಬಳಸುವುದು ಎಲೆ, ಅಮೃತಬಳ್ಳಿಯಲ್ಲಿ ಕಾಂಡ, ಲೋಳೆಸರದಲ್ಲಿ ಒಳಗಿನ ತಿರುಳು. ಆ ತೋಟದಲ್ಲಿ ಬೇರು ಕೀಳುವವರು ಯಾರು?

‘ಮದ್ದು’ ಇರುವಾಗ ಇಷ್ಟೆಲ್ಲ ಯಾಕೆ? ಹಳಗನ್ನಡದ ಮರ್ದು, ತಮಿಳಿನ ಮರುಂದು, ತೆಲುಗಿನ ಮಂದು, ತುಳುವಿನ ಮರ್ದ್, ಎಲ್ಲ ಒಂದೇ ಮನೆಯವು. ‘ಮದ್ದಿನ ಗಿಡಗಳು’ ಅನ್ನಿ. ಮುಗಿಯಿತು.

ಧಾರವಾಡದಿಂದ:

ಮುಗಿಯಲಿಲ್ಲ ಸರ್. ನಮ್ಮ ಕಡೆ ‘ಮದ್ದು ಹಾಕಿದರು’ ಅಂದರೆ ಊಟದಲ್ಲಿ ಏನೋ ಬೆರೆಸಿ ಮನುಷ್ಯನನ್ನು ಕೆಡಿಸಿದರು ಅಂತ. ಇಲ್ಲವೇ ಪಟಾಕಿಯ ಮದ್ದು, ತೋಪಿನ ಮದ್ದು. ಶಾಲೆಯ ಗೋಡೆಗೆ ಆ ಪದ ಬರೆದರೆ ಹೆತ್ತವರು ಬಂದು ಕೇಳುತ್ತಾರೆ. ನಾವು ಬಾಯಲ್ಲಿ ಆಡುವುದೂ ಔಷಧ ಅಂತಲೇ. ಅದು ಸಂಸ್ಕೃತದ ಎರವಲು ಅಂತ ನಮ್ಮ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಮಡಿಕೇರಿಯಿಂದ:

ಕೊಡಗಿನಲ್ಲಿ ಮದ್ದು ಅಂದರೆ ಯಾರೂ ಹೆದರುವುದಿಲ್ಲ. ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮನೆಮನೆಯಲ್ಲೂ ‘ಮದ್ದು ಸೊಪ್ಪು’ ಬೇಯಿಸುತ್ತೇವೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ಬೇಯಿಸಿದ ನೀರು ಕಡು ನೇರಳೆಯಾಗುತ್ತದೆ. ಅದರಲ್ಲೇ ಪಾಯಸ, ಪುಟ್ಟು. ಮರುದಿನ ಮೂತ್ರ ಕೆಂಪಾಗುತ್ತದೆ, ಹೊಸಬರು ಗಾಬರಿಯಾಗುವುದು ಅದಕ್ಕೆ ಮಾತ್ರ. ಚಿಕ್ಕ ಮಕ್ಕಳೂ ಮದ್ದು ಪಾಯಸ ಬೇಕು ಅಂತ ಕೇಳಿ ತಿನ್ನುತ್ತಾರೆ.

ಬೆಂಗಳೂರಿನಿಂದ:

ಧಾರವಾಡದವರು ಮೇಲಿನದನ್ನು ಓದಲಿ.

ಧಾರವಾಡದಿಂದ:

ಓದಿದೆ. ಬೋರ್ಡ್ ಹಾಕುತ್ತಿರುವುದು ಮಡಿಕೇರಿಯಲ್ಲಿ ಅಲ್ಲ.

ಶಿರಸಿಯಿಂದ:

ಇಷ್ಟು ಜನ ಬರೆದಿರಿ, ಎರಡನೇ ಪ್ರಶ್ನೆಯನ್ನು ಒಬ್ಬರೂ ಮುಟ್ಟಲಿಲ್ಲ. ತಲೆಬರಹ ತಪ್ಪಿದರೆ ಯಾರ ಹೊಟ್ಟೆಯೂ ಕೆಡುವುದಿಲ್ಲ. ಗಿಡದ ಹೆಸರು ತಪ್ಪಿದರೆ ಕೆಡುತ್ತದೆ. ಮೇಡಂ, ದಯವಿಟ್ಟು ಒಂದೆಲಗಕ್ಕೆ ‘ಬ್ರಾಹ್ಮಿ’ ಅಂತ ಬರೆಸಬೇಡಿ.

ನಿಮ್ಮ ತೋಟದಲ್ಲಿರುವುದು ಒಂದು ತೊಟ್ಟಿಗೆ ಒಂದೇ ಎಲೆ ಇರುವ ಗಿಡ ತಾನೇ? ಎಲೆ ದುಂಡಗೆ, ತೊಟ್ಟು ಸೇರುವ ಕಡೆ ಸೀಳು, ಅಂಚಿನಲ್ಲಿ ಸಣ್ಣ ಹಲ್ಲು. ನೆಲದ ಮೇಲೆ ಹಬ್ಬುತ್ತಾ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಹೂವು ಎಲೆಯ ಬುಡದಲ್ಲಿ ಅಡಗಿರುತ್ತದೆ, ಹುಡುಕಿದರೆ ಮಾತ್ರ ಕಾಣುತ್ತದೆ. ಇದು ಸೆಂಟೆಲ್ಲಾ ಏಷಿಯಾಟಿಕಾ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ತುಳುವಿನಲ್ಲಿ ತಿಮರೆ, ತಮಿಳಿನಲ್ಲಿ ವಲ್ಲಾರೈ, ಪುತ್ತೂರು ಕಡೆಯ ಹವ್ಯಕರಿಗೆ ಉರಗೆ.

ಆಯುರ್ವೇದದ ಸರ್ಕಾರಿ ಔಷಧಕೋಶದಲ್ಲಿ ‘ಬ್ರಾಹ್ಮಿ’ ಅಂದರೆ ಬೇರೆಯೇ ಗಿಡ, ಬಕೋಪಾ ಮೊನ್ನಿಯೇರಿ. ನಮ್ಮ ಕಡೆ ನೀರುಬ್ರಾಹ್ಮಿ ಅನ್ನುತ್ತಾರೆ. ಎಲೆ ತೀರಾ ಚಿಕ್ಕದು, ದಪ್ಪ, ಕಾಂಡದ ಎರಡೂ ಬದಿಗೆ ಜೋಡಿಜೋಡಿಯಾಗಿ ಬರುತ್ತದೆ. ಹೂವು ಬಿಳಿ ಅಥವಾ ತೆಳು ನೀಲಿ. ಬಾಯಿಗಿಟ್ಟರೆ ಕಹಿ. 17ನೇ ಶತಮಾನದಲ್ಲಿ ಮಲಬಾರಿನ ಡಚ್ಚರು ಗಿಡಗಳ ಚಿತ್ರ ಬರೆಸಿದಾಗ ‘ಬ್ರಾಮಿ’ ಅಂತ ದಾಖಲಾದದ್ದು ಇದೇ. ಆ ಹೆಸರಿನಿಂದಲೇ ಮುಂದೆ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲಾಮಾರ್ಕ್ ಇದಕ್ಕೆ ಬ್ರಾಮಿಯಾ ಅಂತ ಕುಲದ ಹೆಸರು ಇಟ್ಟ.

ಗೊಂದಲ ಇವತ್ತಿನದಲ್ಲ. ಚರಕ ಹೇಳುವ ನಾಲ್ಕು ಮೇಧ್ಯ ರಸಾಯನಗಳು (ಬುದ್ಧಿಗೆ ಅಂತ ಹೇಳಿದ ಔಷಧಗಳು) ಮಂಡೂಕಪರ್ಣಿಯ ರಸ, ಹಾಲಿನ ಜೊತೆ ಯಷ್ಟಿಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ (ಅರೆದ ಮುದ್ದೆ). ಆ ನಾಲ್ಕರಲ್ಲಿ ಬ್ರಾಹ್ಮಿ ಇಲ್ಲ. ಸುಶ್ರುತ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾನೆ. 16ನೇ ಶತಮಾನದ ವೈದ್ಯ ಭಾವಮಿಶ್ರ ಎರಡನ್ನೂ ಒಟ್ಟಿಗೆ ಇಟ್ಟು ಗುಣವೂ ಒಂದೇ ಅಂದ. ಆಮೇಲೆ ಬಂದವರಿಗೆ ಹೆಸರೂ ಒಂದೇ ಆಯಿತು. ಒಳಗಿನ ಸತ್ವ ಮಾತ್ರ ಬೇರೆ. ಬ್ರಾಹ್ಮಿಯಲ್ಲಿ ಬಕೋಸೈಡ್, ಒಂದೆಲಗದಲ್ಲಿ ಏಷಿಯಾಟಿಕೋಸೈಡ್. ಅಂಗಡಿಯಲ್ಲಿ ‘ಬ್ರಾಹ್ಮಿ ಪುಡಿ’ ಕೊಂಡವರು ಎರಡರಲ್ಲಿ ಯಾವುದನ್ನು ಕೊಂಡರು ಅಂತ ಪ್ಯಾಕೆಟ್ಟಿನ ಹಿಂದಿನ ಲ್ಯಾಟಿನ್ ಹೆಸರು ಓದದೆ ಗೊತ್ತಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಒಂದೆಲಗ ಔಷಧ ಆಗುವ ಮೊದಲು ಊಟ. ಒಂದು ಹಿಡಿ ಎಲೆಯನ್ನು ದಂಟಿನ ಸಮೇತ ಮಣ್ಣು ಹೋಗುವಂತೆ ತೊಳೆಯಬೇಕು. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸುವುದಿಲ್ಲ. ಅದಕ್ಕೇ ಎಲೆ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಕೆಳಗೆ ಕಾಲುವೆಯ ಬದಿಯಲ್ಲೇ ಒಂದೆಲಗ ಬೆಳೆದಿರುತ್ತದೆ, ಮೇಲಿನಿಂದ ತೊಟ್ಟಿಕ್ಕಿದ್ದೆಲ್ಲ ಅದರ ಮೇಲೆ. ಬೋರ್ಡೋ ಹೊಡೆದ ತೋಟದಿಂದ ಹಸಿ ತಂಬುಳಿಗೆ ಎಲೆ ಕೀಳಬಾರದು. ಫಲಕದಲ್ಲಿ ಜಾಗವಿದ್ದರೆ ಈ ಒಂದು ಮಾತು ಬರೆಸಿ. ‘ನೆನಪಿನ ಶಕ್ತಿಗೆ’ ಅನ್ನುವುದಕ್ಕಿಂತ ಮಕ್ಕಳಿಗೆ ಜಾಸ್ತಿ ಉಪಯೋಗ.

ಬೆಂಗಳೂರಿನಿಂದ:

ನಾನು ಹೇಳುತ್ತಿದ್ದುದೂ ಇದನ್ನೇ. ‘ಒಂದೆಲಗ’ ಅಚ್ಚಗನ್ನಡ. ಹೆಸರು ಹೇಳಿದರೆ ಎಲೆ ಕಣ್ಣ ಮುಂದೆ ಬರುತ್ತದೆ. ಬ್ರಾಹ್ಮಿ ಎರವಲು, ಮಂಡೂಕಪರ್ಣಿ ಎರವಲು. ಎರವಲು ತಂದದ್ದರಿಂದಲೇ ಗೊಂದಲ.

ಮೈಸೂರಿನಿಂದ:

ತಪ್ಪು. ಆಡುಸೋಗೆ ಕನ್ನಡದ ಹೆಸರು. ಆಡುಮುಟ್ಟದ ಬಳ್ಳಿಯೂ ಕನ್ನಡದ್ದೇ. ಎರಡೂ ಕೆಮ್ಮು ದಮ್ಮಿಗೆ ಅಂತ ಹೆಸರಾದವು. ಒಂದು ಪೊದೆ, ಇನ್ನೊಂದು ಬಳ್ಳಿ. ಬಳ್ಳಿಯ ಎಲೆ ಜಾಸ್ತಿಯಾದರೆ ವಾಂತಿ ಬರುತ್ತದೆ. ‘ಆಡು ಮುಟ್ಟದ ಸೊಪ್ಪು’ ಅಂತ ಯಾರೋ ಹೇಳಿದ್ದನ್ನು ಕೇಳಿ ಒಂದರ ಬದಲು ಇನ್ನೊಂದನ್ನು ತಂದರೆ ಅಚ್ಚಗನ್ನಡ ಕಾಪಾಡುತ್ತದೆಯೇ? ಗೊಂದಲಕ್ಕೂ ಪದದ ಜಾತಿಗೂ ಸಂಬಂಧವಿಲ್ಲ.

ಬೆಂಗಳೂರಿನಿಂದ:

ಅರಿಸಮಾಸ ಅಂತ ‘ಗಿಡಮೂಲಿಕೆ’ಯನ್ನು ಹೊರಗೆ ಹಾಕಿದವರು ನೀವು. ಹಾಗಾದರೆ ದೊಡ್ಡಪತ್ರೆ? ಅಮೃತಬಳ್ಳಿ? ಅರ್ಧ ತೋಟ ಕೀಳಬೇಕಾಗುತ್ತದೆ.

ಮೈಸೂರಿನಿಂದ:

ಹಿಂದಿನಿಂದ ನಡೆದುಬಂದ ಅರಿಸಮಾಸಕ್ಕೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿಗೆ ಕೊಟ್ಟಿದ್ದಾನೆ. ಸೂತ್ರ ನೋಡಿಕೊಳ್ಳಿ.

ಧಾರವಾಡದಿಂದ:

ಹಾಗಿದ್ದರೆ ಗಿಡಮೂಲಿಕೆಗೂ ಅದೇ ಒಪ್ಪಿಗೆ ಸಾಕಲ್ಲ. ಊರೆಲ್ಲ ಆಡುತ್ತಿದೆ.

ಪುತ್ತೂರಿನಿಂದ:

ನಿಮ್ಮಿಬ್ಬರ ಜಗಳದಲ್ಲಿ ಎಲ್ಲರೂ ಆಡುವ ಪದ ಕೈತಪ್ಪುತ್ತಿದೆ. ‘ಮನೆಮದ್ದು’. ಧಾರವಾಡದವರು ಮದ್ದು ಅಂದರೆ ಹೆದರಬಹುದು, ಮನೆಮದ್ದು ಅಂದರೆ ಹೆದರುತ್ತಾರಾ? ಪೇಪರಿನಲ್ಲಿ, ಟಿವಿಯಲ್ಲಿ, ಬೀದರಿನಿಂದ ಚಾಮರಾಜನಗರದವರೆಗೆ ಅದೇ ಮಾತು. ಶೀತಕ್ಕೆ ದೊಡ್ಡಪತ್ರೆ ಬಾಡಿಸಿ ರಸ ಹಿಂಡುವುದು, ಕೆಮ್ಮಿಗೆ ತುಳಸಿ ಕಷಾಯ, ಸುಟ್ಟ ಗಾಯಕ್ಕೆ ಲೋಳೆಸರ. ಇದೆಲ್ಲ ಮನೆಮದ್ದೇ ತಾನೇ? ಮೇಲಾಗಿ ಆ ಪದದಲ್ಲೇ ಒಂದು ಮಿತಿ ಇದೆ. ಮನೆಯಲ್ಲಿ ಆಗುವಷ್ಟು ಮನೆಮದ್ದು, ಆಮೇಲೆ ಡಾಕ್ಟರ ಹತ್ತಿರ.

ವೆಲ್‌ಬೀಯಿಂಗ್ ಅನ್ನು ಬಿಟ್ಟುಬಿಡಿ. ನಮ್ಮಲ್ಲಿ ‘ಸೌಖ್ಯವಾ?’ ಅಂತ ಕೇಳುತ್ತೇವೆ, ಧಾರವಾಡದಲ್ಲಿ ‘ಆರಾಮ?’ ಅಂತಾರೆ. ಎರಡರಲ್ಲೂ ಆರೋಗ್ಯ ಒಳಗೇ ಇದೆ, ಬೇರೆ ಮಾಡಿ ಹೇಳುವ ರೂಢಿ ನಮಗಿಲ್ಲ.

ಧಾರವಾಡದಿಂದ:

ಮನೆಮದ್ದು ಆಗಬಹುದು. ತಕರಾರಿಲ್ಲ.

ಸಾಗರದಿಂದ:

ತುಂಬಾ ಥ್ಯಾಂಕ್ಸ್. ಮೇಲೆ ದೊಡ್ಡಕ್ಷರದಲ್ಲಿ ‘ಮನೆಮದ್ದಿನ ತೋಟ’, ಕೆಳಗೆ ‘ದಿನನಿತ್ಯದ ಆರೋಗ್ಯಕ್ಕೆ’ ಅಂತ ಬರೆಸುತ್ತೇನೆ. ಫಲಕದಲ್ಲಿ ‘ಒಂದೆಲಗ’ ಮಾತ್ರ, ಕೆಳಗೆ ಲ್ಯಾಟಿನ್ ಹೆಸರು. ಬೋರ್ಡೋ ಮಾತನ್ನೂ ಸೇರಿಸುತ್ತೇನೆ. ಅಮೃತಬಳ್ಳಿಗೆ ‘ರೋಗನಿರೋಧಕ ಶಕ್ತಿಗೆ’, ಶಂಖಪುಷ್ಪಕ್ಕೆ ‘ಬುದ್ಧಿಶಕ್ತಿಗೆ’ ಅಂತ ಹಾಕಬಹುದಲ್ವಾ?

ಶಿರಸಿಯಿಂದ:

ಎರಡೂ ಬೇಡ. ನಿಮ್ಮ ಶಂಖಪುಷ್ಪ ನೀಲಿ ಹೂವಿನ ಬಳ್ಳಿಯಾಗಿದ್ದರೆ ಅದು ಕ್ಲಿಟೋರಿಯಾ. ಉತ್ತರ ಭಾರತದ ವೈದ್ಯರು ಶಂಖಪುಷ್ಪಿ ಅನ್ನುವುದು ನೆಲಕ್ಕೆ ಹಬ್ಬುವ ಕಾನ್ವಾಲ್ವುಲಸ್‌ಗೆ. ಆ ಗಿಡದ ಗುಣವನ್ನು ಈ ಗಿಡದ ಫಲಕಕ್ಕೆ ಬರೆದಂತಾಗುತ್ತದೆ.

ಇನ್ನು ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಇದನ್ನು ಕುಡಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾಯಿತು ಅಂತ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರು ಕುಡಿದದ್ದು ನಿಜವಾಗಿ ಅಮೃತಬಳ್ಳಿಯೇ, ಅದರಂತೆ ಕಾಣುವ ಬೇರೆ ಬಳ್ಳಿಯೇ ಅಂತ ನೋಡಿಲ್ಲ ಅಂತ ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು. ಅಲ್ಲೂ ಜಗಳ ಗಿಡದ ಗುರುತಿನದೇ. ಹೆಸರು, ಲ್ಯಾಟಿನ್ ಹೆಸರು, ಎಲೆಯ ಚಿತ್ರ, ಇಷ್ಟು ಬರೆಸಿ. ಗುಣದ ಸಾಲು ಯಾವ ಫಲಕಕ್ಕೂ ಬೇಡ.