ಪದ ಬೇಕು, ಇವತ್ತೇ: ಎಮ್ಯುಲೇಶನ್, ಕ್ಲೋನ್, ‘ಒಂದು ಆಟಕ್ಕೆ ಒಂದೇ ಪ್ರತಿ’

ವಿಜಯಪುರದಿಂದ:
ಹಳೆಯ ವಿಡಿಯೋ ಗೇಮ್‌ಗಳ ಸಂಗ್ರಹ ಜೋಡಿಸುವ ಕೈಪಿಡಿ ಸಂಜೆ ಅಚ್ಚಿಗೆ ಹೋಗಬೇಕು. ಹಳೆಯ ಯಂತ್ರದಂತೆ ಇಂದಿನ ಕಂಪ್ಯೂಟರ್ ನಡೆದುಕೊಳ್ಳುವಂತೆ ಮಾಡುವ ಎಮ್ಯುಲೇಶನ್‌ಗೆ ‘ಅನುಕರಣೆ’ ನಡೆಯುತ್ತದೆಯೇ? ಒಂದೇ ಆಟಕ್ಕೆ ಅಮೆರಿಕದ್ದು, ಯುರೋಪಿನದು, ಜಪಾನಿನದು, ಬಿಡುಗಡೆಗೆ ಮುಂಚಿನ ಬೀಟಾ ಎಂದು ಐದಾರು ಕಡತ ಇರುತ್ತವೆ. ಒಂದನ್ನಿಟ್ಟು ಉಳಿದವನ್ನು ತೆಗೆಯುವ ಕೆಲಸಕ್ಕೆ ಏನನ್ನೋಣ? ಆಟದ ಮುಖ್ಯ ಆವೃತ್ತಿ ‘ಪೇರೆಂಟ್’, ಅದರ ಬೇರೆ ಆವೃತ್ತಿ ‘ಕ್ಲೋನ್’, ಇವಕ್ಕೆ?

ಬಾಗಲಕೋಟೆಯಿಂದ:
ಅನುಕರಣೆ ಬ್ಯಾಡ್ರಿ. ಅನುಕರಣಾವ್ಯಯ ಅಂದ್ರ ಧಗಧಗ, ಪಟಪಟ. ಬರೀ ಸದ್ದಿನ ನಕಲು. ಎಮ್ಯುಲೇಟರ್ ಹಳೇ ಪ್ರೊಸೆಸರ್‌ನ ಒಂದೊಂದು ಆದೇಶಾನೂ ತಾನೇ ನಡೆಸ್ತದ. ಅದಕ್ಕ ‘ಸೋಗು’. ದೊಡ್ಡಾಟದಾಗ ಭೀಮನ ಸೋಗು ಹಾಕಿದಂವ ಭೀಮನ ಹೆಜ್ಜೀನೂ ಹಾಕಬೇಕು. ಆರಿಸೋದಕ್ಕ ‘ಹಸನು ಮಾಡೋದು’: ಮೊರದಾಗ ಜೋಳ ಹಾಕಿ ಹರಳು ತೆಗದಂಗ.

ಬೆಳಗಾವಿಯಿಂದ:
ಸೋಗು ಒಪ್ಪೆ. ಸೋಗಲಾಡಿಯ ಮೋಸ ಅದಕ್ಕೆ ಅಂಟಿದೆ. ಮರಾಠಿಯ ‘ಸೋಂಗ್’ ಬೇರೆ ಪಕ್ಕದಲ್ಲೇ ಕೂತಿದೆ. ಎಮ್ಯುಲೇಟರ್ ಎಂದೇ ಬಿಡಿ.
‘ಹಸನು’ ಸರಿ, ಆದರೆ ಅದಕ್ಕೂ ಮೊದಲು ಸರಿಯಾದ ಪ್ರತಿಗಳ ಪಟ್ಟಿಯಾದ ನೋ-ಇಂಟ್ರೊ ಡ್ಯಾಟ್ ಕಡತದೊಂದಿಗೆ ಸಿಆರ್‌ಸಿ (ಕಡತದ ಒಳಗಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತಾಳೆ ನೋಡಬೇಕು ಎಂದು ಬರೆಯಿರಿ. ಸೂಪರ್ ನಿಂಟೆಂಡೊ ಕಡತದ ತಲೆಗೆ ಆಟ ನಕಲಿಸುವ ಹಳೆ ಕಾಪಿಯರ್ ಯಂತ್ರ ಅಂಟಿಸಿದ 512 ಬೈಟ್ ಇದ್ದರೆ ತಾಳೆಯಾಗುವುದಿಲ್ಲ. ಒಳ್ಳೆಯ ಪ್ರತಿಯೂ ಹೊಟ್ಟಿನ ಜೊತೆ ಹೋಗುತ್ತದೆ. ಅಮೆರಿಕದ ಪ್ರತಿ ಇದ್ದಾಗ ಯುರೋಪಿನದು ಬೇಡ. ಅಮೆರಿಕದ ಟಿವಿಯ 60 ಹರ್ಟ್ಸ್‌ಗೆ ಮಾಡಿದ ಆಟವನ್ನು ತಿದ್ದದೆ ಯುರೋಪಿನ 50ಕ್ಕೆ ಇಳಿಸಿದ್ದರೆ ವೇಗದಲ್ಲಿ ಆರನೇ ಒಂದು ಪಾಲು ಕಡಿಮೆ.

ಬಾಗಲಕೋಟೆಯಿಂದ:
ಮರಾಠಿ ಪಕ್ಕದಾಗ ಕೂತ್ರ ಏನಾತು? ಹೊರಗಿಂದ ಬಂದ ಅರ್ಜಿ, ಕಚೇರಿ, ಜಮೀನು ಬಿಟ್ಟು ಒಂದು ದಿನ ಮಾತಾಡಿ ತೋರಸ್ರಿ. ಇಂಗ್ಲಿಷಿಗೆ ಬಾಗಲಾ ತಗದು ನೆರೆಯವರಿಗೆ ಅಗಳಿ ಹಾಕೋದು ಯಾವ ನ್ಯಾಯ?

ಗೋಕಾಕದಿಂದ:
ಸಾಲದ ಪದಗಳ ಲೆಕ್ಕ ಆಮೇಲೆ. ಕ್ಲೋನ್‌ಗೆ ‘ತದ್ರೂಪಿ’ ಹಾಕಬೇಡಿ, ಅದು ತಪ್ಪೇ. ಆರ್ಕೇಡ್ ಆಟಗಳ ಎಮ್ಯುಲೇಟರ್ ಆದ ಮೇಮ್‌ನ ಸ್ಪ್ಲಿಟ್ ಸೆಟ್‌ನಲ್ಲಿ ಕ್ಲೋನಿನ ಜಿಪ್‌ನೊಳಗೆ ಪೇರೆಂಟ್‌ಗಿಂತ ಬೇರೆಯಾದ ಚಿಪ್‌ಗಳ ಕಡತಗಳಷ್ಟೇ ಇರುತ್ತವೆ. ‘ತಾಯಿ’, ‘ಮರಿ’ ಎನ್ನಿ. ತಾಯಿಯನ್ನು ಅಳಿಸಿದರೆ ಮರಿ ಏಳುವುದಿಲ್ಲ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಮರಿಯನ್ನೇ ಉಳಿಸಿಕೊಳ್ಳುವುದಿದ್ದರೆ ಮೊದಲು ಪ್ರತಿ ಜಿಪ್‌ನಲ್ಲೂ ಆಟದ ಎಲ್ಲ ಕಡತ ಇರುವ ನಾನ್-ಮರ್ಜ್ಡ್ ಸೆಟ್ ಕಟ್ಟಿ, ಆಮೇಲೆ ಹಸನು ಮಾಡಬೇಕು. ನಿಯೋಜಿಯೋ ಎಂಬ ಆಟದ ಯಂತ್ರದ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಜಿಪ್ ಆಟವಲ್ಲವೆಂದು ಎಸೆದರೆ ಆ ಯಂತ್ರದ ಒಂದು ಆಟವೂ ತೆರೆಯುವುದಿಲ್ಲ.

ವಿಜಯಪುರದಿಂದ:
ಹಸನು, ತಾಯಿ, ಮರಿ ಹಾಕಿದೆ. ಎಮ್ಯುಲೇಟರ್ ಹಾಗೇ ಇರಲಿ.

ಬಾಗಲಕೋಟೆಯಿಂದ:
ಕ್ರಿಯಾಪದಕ್ಕ ಏನ್ ಮಾಡಿದ್ರಿ? ‘ಎಮ್ಯುಲೇಟಿಸು’ ಅಂತ ಅಚ್ಚಾಗಬಾರದು.